ಗೊರಕೆಯಿಂದ ಅಂಗುಳಿನ ಸ್ಕ್ರೂವರೆಗೆ: ಮಗಳ ಚಿಕಿತ್ಸೆಯ ಅನುಭವ

ಮಗಳ ಬಾಯಿಂದ ಎಕ್ಸ್‌ಪ್ಯಾಂಡರ್, ಅಂದರೆ ಕಿರಿದಾದ ಅಂಗುಳನ್ನು ಅಗಲ ಮಾಡುವ ಸ್ಕ್ರೂ ಇರುವ ಉಪಕರಣ, ತೆಗೆಸಿ ಕೆಲವು ವಾರ ಆಯಿತು. ಗೊರಕೆ ಎಂದು ಶುರುವಾದ ಓಡಾಟ ಮಕ್ಕಳ ಡಾಕ್ಟರು, ಇ.ಎನ್.ಟಿ. ಡಾಕ್ಟರು, ನಿದ್ರೆ ಪರೀಕ್ಷೆ, ಆಪರೇಷನ್ ಎಲ್ಲ ದಾಟಿ ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಗೆ ಬಂತು. ಹಾಸನದಲ್ಲಿ ಎಲ್ಲ ಥರದ ಡಾಕ್ಟರೂ ಇದ್ದಾರೆ. ಆದರೆ ಮೊದಲು ಯಾರ ಹತ್ತಿರ ಹೋಗಬೇಕು, ಆಮೇಲೆ ಯಾರ ಹತ್ತಿರ ಎಂದು ಹೇಳುವವರು ನನಗೆ ಸಿಗಲಿಲ್ಲ. ಈಗಷ್ಟೇ ಇದೇ ದಾರಿ ಹಿಡಿದಿರುವ ಅಪ್ಪ ಅಮ್ಮಂದಿರಿಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಆಲೂರಿನ ಒಬ್ಬ ತಾಯಿ ಅಷ್ಟೆ. ನಿಮ್ಮ ಮಗುವಿಗೆ ಏನು ಬೇಕು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಶುರುವಾದಾಗ ಅವಳಿಗೆ ಏಳು ವರ್ಷ, ಎರಡನೇ ಕ್ಲಾಸು. ಗೊರಕೆ ಅದಕ್ಕೂ ಮುಂಚಿನಿಂದ ಇತ್ತು. "ಅವರಪ್ಪನೂ ಚಿಕ್ಕವನಿದ್ದಾಗ ಹೀಗೇ ಹೊಡೀತಿದ್ದ, ದೊಡ್ಡವಳಾದ್ರೆ ಸರಿಹೋಗುತ್ತೆ ಬಿಡು" ಎಂದು ಅತ್ತೆ ಧೈರ್ಯ ಹೇಳುತ್ತಿದ್ದರು. ನೆಗಡಿ ಬಂದಾಗ ಯಾವ ಮಗುವಾದರೂ ನಾಲ್ಕು ದಿನ ಗೊರಕೆ ಹೊಡೆಯುತ್ತದೆ, ಅಲ್ವಾ? ಇವಳದು ಹಾಗಲ್ಲ. ನೆಗಡಿ ಇರಲಿ ಬಿಡಲಿ, ಹೆಚ್ಚುಕಡಿಮೆ ದಿನಾ ರಾತ್ರಿ. ಬಾಯಿ ತೆರೆದೇ ಮಲಗುತ್ತಿದ್ದಳು, ಕುತ್ತಿಗೆ ಹಿಂದಕ್ಕೆ ಚಾಚಿಕೊಂಡು. ಚಳಿಗಾಲದಲ್ಲೂ ದಿಂಬು ಬೆವರಿನಿಂದ ಒದ್ದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಬೆಳಗ್ಗೆ ಎದ್ದ ಕೂಡಲೇ ತಲೆನೋವು ಎನ್ನುತ್ತಿದ್ದಳು.

ಆದರೆ ಹಗಲು ತೂಕಡಿಸುತ್ತಿರಲಿಲ್ಲ. ಅದರಿಂದಲೇ ಎಲ್ಲರಿಗೂ ಇದು ದೊಡ್ಡ ವಿಷಯವಲ್ಲ ಅನ್ನಿಸಿದ್ದು. ಸ್ಕೂಲಿನಲ್ಲಿ ಮಿಸ್ ಹೇಳುತ್ತಿದ್ದದ್ದೇ ಬೇರೆ: ಒಂದು ಕಡೆ ಕೂರಲ್ಲ, ಬರೆಯೋದು ಅರ್ಧಕ್ಕೆ ಬಿಡ್ತಾಳೆ, ಬೇಗ ಸಿಟ್ಟು ಮಾಡ್ಕೋತಾಳೆ. ಮಕ್ಕಳ ಡಾಕ್ಟರು ಆಮೇಲೆ ವಿವರಿಸಿದರು. ದೊಡ್ಡವರಿಗೆ ನಿದ್ದೆ ಕೆಟ್ಟರೆ ಮಂಪರು ಬರುತ್ತದೆ, ಮಕ್ಕಳಲ್ಲಿ ಅದು ಎಷ್ಟೋ ಸಲ ಚಡಪಡಿಕೆಯಾಗಿ ಕಾಣಿಸಿಕೊಳ್ಳುತ್ತದೆ.

ಒಂದು ರಾತ್ರಿ ಪಕ್ಕದಲ್ಲೇ ಕೂತು ನೋಡಿದೆ. ಗೊರಕೆ ಜೋರಾಗುತ್ತಾ ಹೋಗಿ ಒಮ್ಮೆಲೇ ನಿಂತಿತು. ಸದ್ದೇ ಇಲ್ಲ. ಎದೆ ಮಾತ್ರ ಮೇಲೆ ಕೆಳಗೆ ಆಡುತ್ತಿದೆ, ಪಕ್ಕೆಲುಬಿನ ಕೆಳಗೆ ಹಳ್ಳ ಬೀಳುತ್ತಿದೆ. ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿ ಇಲ್ಲ. ಆಮೇಲೆ ಒಂದು ದೊಡ್ಡ ಏದುಸಿರು, ಮೈಯೆಲ್ಲ ಒಮ್ಮೆ ಅಲುಗಿ ಮಗ್ಗುಲು ಬದಲಾಯಿಸಿದಳು. ಮತ್ತೆ ಗೊರಕೆ. ಆ ರಾತ್ರಿ ನಾನು ಮಲಗಲಿಲ್ಲ. ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ. ಮುಖ, ಎದೆ, ಹೊಟ್ಟೆ ಮೂರೂ ಕಾಣಬೇಕು, ಹೊದಿಕೆ ಸರಿಸಿರಬೇಕು, ಸದ್ದು ಕೇಳಿಸಬೇಕು. ಬಾಯಲ್ಲಿ ಎಷ್ಟು ಹೇಳಿದರೂ "ಮಕ್ಕಳು ಗೊರಕೆ ಹೊಡೀತಾರಮ್ಮ" ಎನ್ನುವವರು ಆ ವಿಡಿಯೋ ನೋಡಿದ ಮೇಲೆ ಪೆನ್ನು ಕೆಳಗಿಟ್ಟು ಕೂತು ಮಾತಾಡಿದರು.

ಮಕ್ಕಳ ಡಾಕ್ಟರು ಹಾಸನದ ಇ.ಎನ್.ಟಿ. ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಬಾಯಿ ತೆರೆಸಿ ನೋಡಿ ಟಾನ್ಸಿಲ್ ಗ್ರೇಡ್ 3 ಎಂದು ಬರೆದರು. ಈ ಗ್ರೇಡು 4ರವರೆಗೆ ಇರುತ್ತದೆ. ಕುತ್ತಿಗೆಯ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಮೂಗಿನ ಹಿಂಭಾಗದ ಅಡಿನಾಯ್ಡ್ ಗಂಟು ಗಾಳಿಯ ದಾರಿಯನ್ನು ಬಹಳಷ್ಟು ಮುಚ್ಚಿತ್ತು. ಕಿವಿಯನ್ನೂ ಪರೀಕ್ಷೆ ಮಾಡಿದರು. ಅಡಿನಾಯ್ಡ್ ದೊಡ್ಡದಾದರೆ ಕಿವಿಯೊಳಗೆ ನೀರು ನಿಂತು ಕೇಳುವುದು ಮಂದವಾಗಬಹುದಂತೆ. ಇವಳ ಕಿವಿ ಪುಣ್ಯಕ್ಕೆ ಚೆನ್ನಾಗಿತ್ತು. ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟು, ಅಲರ್ಜಿ ಇರಬಹುದು, ಮಳೆಗಾಲದಲ್ಲಿ ಗೋಡೆಯ ಬೂಷ್ಟು, ಹಳೇ ಹತ್ತಿ ಹಾಸಿಗೆಯ ಧೂಳು ನೋಡಿಕೊಳ್ಳಿ ಎಂದರು. ಸ್ಟೀರಾಯ್ಡ್ ಎಂಬ ಮಾತಿಗೆ ನಮ್ಮ ಮನೆಯವರು ಹೆದರಿದರು. ಸ್ಪ್ರೇಯಲ್ಲಿ ಇರುವುದು ಸಣ್ಣ ಪ್ರಮಾಣ, ಅದು ಹೆಚ್ಚಾಗಿ ಮೂಗಿನೊಳಗೇ ಕೆಲಸ ಮಾಡುತ್ತದೆ ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು. ಸ್ಪ್ರೇಯಿಂದ ಮೂಗು ಸ್ವಲ್ಪ ಬಿಟ್ಟಿತು. ಉಸಿರು ಕಟ್ಟುವುದು ನಿಲ್ಲಲಿಲ್ಲ. ಕೊನೆಗೆ ನಿದ್ರೆ ಪರೀಕ್ಷೆಗೆ ಚೀಟಿ ಬಂತು.

ಈ ನಡುವೆ ಇನ್ನೊಂದು ನಡೆಯಿತು, ಅದನ್ನು ಹೇಳಲೇಬೇಕು. ಪರಿಚಯದವರ ಮಾತು ಕೇಳಿ ಬೇರೆ ಊರಿನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆವು. ಮಗಳ ಬಾಯಿ ನೋಡಿದ್ದು ಅರ್ಧ ನಿಮಿಷ. "ಆಪರೇಷನ್ ಏನೂ ಬೇಡ. ಈ ರಬ್ಬರ್ ಪ್ಲೇಟ್ ರಾತ್ರಿ ಹಾಕಿದ್ರೆ ಗೊರಕೆ ಹೋಗುತ್ತೆ, ಓದೋದ್ರಲ್ಲೂ ಚುರುಕಾಗ್ತಾಳೆ" ಎಂದರು. 70,000 ರೂಪಾಯಿ, ಅರ್ಧ ಅಂದೇ ಕಟ್ಟಬೇಕು. ಎಕ್ಸ್‌ರೇ ನೋಡಲಿಲ್ಲ. ನಿದ್ರೆ ಪರೀಕ್ಷೆ ಆಗಿದೆಯಾ ಎಂದು ಕೇಳಲಿಲ್ಲ. ಟಾನ್ಸಿಲ್ ಕಡೆ ಟಾರ್ಚ್ ಕೂಡ ಬಿಡಲಿಲ್ಲ. ನಾವು ಎದ್ದು ಬಂದೆವು. ಆಪರೇಷನ್ ಎಂದರೆ ಹೆದರಿ ನಡುಗುತ್ತಿರುವ ಅಪ್ಪ ಅಮ್ಮನಿಗೆ "ಆಪರೇಷನ್ ಬೇಡ" ಎಂಬ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆ ಎಂದು ನನಗೆ ಗೊತ್ತು. ಆ ಹೆದರಿಕೆಯ ಮೇಲೆ ವ್ಯಾಪಾರ ಮಾಡುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಬಾಯೊಳಗೆ ಹಾಕುವ ಉಪಕರಣಗಳು ಕೆಲಸಕ್ಕೆ ಬಾರದವು ಎಂದು ನಾನು ಹೇಳುತ್ತಿಲ್ಲ. ಮಗಳಿಗೆ ಆಮೇಲೆ ಒಂದನ್ನು ಹಾಕಿಸಿಯೇ ಹಾಕಿಸಿದೆವು. ಆದರೆ ಉಸಿರು ಎಲ್ಲಿ ಕಟ್ಟುತ್ತಿದೆ, ಎಷ್ಟು ಕಟ್ಟುತ್ತಿದೆ ಎಂದು ಅಳೆಯದೆ ಯಾವುದನ್ನೂ ಹಾಕಿಸಬೇಡಿ.

ಅಮೆರಿಕದ ಆರ್ಥೊಡಾಂಟಿಸ್ಟರ (ಹಲ್ಲು, ದವಡೆಯ ಜೋಡಣೆ ಸರಿಪಡಿಸುವ ತಜ್ಞರ) ಸಂಘವೇ 2019ರಲ್ಲಿ ಈ ಬಗ್ಗೆ ಒಂದು ವರದಿ ತಂದಿದೆ. ಹಲ್ಲಿನ ಡಾಕ್ಟರು ಲಕ್ಷಣ ಗುರುತಿಸಿ ಕಳಿಸಬಹುದು, ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಈ ಕಾಯಿಲೆ (ಸ್ಲೀಪ್ ಆಪ್ನಿಯಾ) ಇದೆ ಎಂದು ತೀರ್ಮಾನಿಸಬೇಕಾದವರು ವೈದ್ಯರು ಎಂಬುದು ಅದರ ನಿಲುವು. ಹಲ್ಲಿನ ಡಾಕ್ಟರೇ "ಮೊದಲು ಇ.ಎನ್.ಟಿ. ತೋರಿಸಿ ಬನ್ನಿ" ಎಂದು ವಾಪಸ್ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಸರಿಯಾದವರ ಹತ್ತಿರವೇ ಹೋಗಿದ್ದೀರಿ.

ಪರೀಕ್ಷೆಗೆ ಮೈಸೂರಿಗೆ ಹೋದೆವು. ಮಕ್ಕಳ ನಿದ್ರೆ ಪರೀಕ್ಷೆ ಮಾಡಿ ಅಭ್ಯಾಸವಿರುವ ಕಡೆಯೇ ಮಾಡಿಸಿ ಎಂದು ಇ.ಎನ್.ಟಿ. ಡಾಕ್ಟರು ಹೇಳಿದ್ದರು. ಮನೆಗೆ ಮಿಷನ್ ಕಳಿಸಿ ಮಾಡುವ ಪರೀಕ್ಷೆ ದೊಡ್ಡವರಿಗೆ ನಡೆಯುತ್ತದೆ, ಮಕ್ಕಳಿಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲವಂತೆ. ದಿನಾಂಕ ಸಿಗಲು ಒಂದು ತಿಂಗಳಿಗೂ ಜಾಸ್ತಿ ಕಾದೆವು. ಕೊನೆಗೆ ಸಿಕ್ಕಾಗ ಮಗಳಿಗೆ ಜ್ವರ, ನೆಗಡಿ. ಮುಂದಕ್ಕೆ ಹಾಕಿದರು. ಮೂಗು ಕಟ್ಟಿರುವಾಗ ಮಾಡಿದರೆ ಲೆಕ್ಕ ತಪ್ಪಾಗುತ್ತದೆ. ಆಗ ಅಳು ಬಂದಿದ್ದು ನಿಜ, ಆದರೆ ಅವರು ಮಾಡಿದ್ದು ಸರಿ.

ಹೋಗುವವರಿಗೆ ಒಂದಿಷ್ಟು ಹೇಳುತ್ತೇನೆ. ಇ.ಎನ್.ಟಿ. ಚೀಟಿ, ಎಕ್ಸ್‌ರೇ, ಕೊಡುತ್ತಿರುವ ಔಷಧಿಗಳ ಪಟ್ಟಿ, ನಿಮ್ಮ ಮತ್ತು ಮಗುವಿನ ಆಧಾರ್ ಇಟ್ಟುಕೊಳ್ಳಿ. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ತಲೆಗೆ ಅಂಟಿಸುವ ವೈರು ನಿಲ್ಲುವುದಿಲ್ಲ. ಬೆರಳಿಗೆ ನೇಲ್ ಪಾಲಿಶ್, ಮೆಹೆಂದಿ ಬೇಡ, ಆಕ್ಸಿಜನ್ ಅಳೆಯುವ ಕ್ಲಿಪ್ಪಿಗೆ ತೊಂದರೆ. ಮಗುವಿನ ಸ್ವಂತ ದಿಂಬು, ಹೊದಿಕೆ ತೆಗೆದುಕೊಂಡು ಹೋಗಿ. ಒಬ್ಬರು ಜೊತೆಗೆ ಮಲಗಬಹುದು. ತಲೆ, ಕಣ್ಣಿನ ಪಕ್ಕ, ಗಲ್ಲ, ಕಾಲು ಎಲ್ಲ ಕಡೆ ವೈರು, ಎದೆಗೂ ಹೊಟ್ಟೆಗೂ ಒಂದೊಂದು ಬೆಲ್ಟು, ಮೂಗಿನ ಹತ್ತಿರ ಸಣ್ಣ ನಳಿಕೆ. ಸೂಜಿ ಇಲ್ಲ, ನೋವಿಲ್ಲ. ಹಿಂದಿನ ವಾರವೇ ಮನೆಯಲ್ಲಿ ಗೊಂಬೆಗೆ ದಾರ ಅಂಟಿಸಿ ಆಟ ಆಡಿಸಿದ್ದೆ, ಅದು ಬಹಳ ಉಪಯೋಗಕ್ಕೆ ಬಂತು.

ಖರ್ಚು 12,000. ವರದಿಯಲ್ಲಿ ನೋಡಬೇಕಾದ ಮುಖ್ಯ ಸಂಖ್ಯೆ ಎ.ಎಚ್.ಐ. ಒಂದು ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಎಂಬ ಲೆಕ್ಕ ಅದು. ಮಗಳದು 9.4 ಇತ್ತು, ರಕ್ತದ ಆಕ್ಸಿಜನ್ ಒಂದು ಹಂತದಲ್ಲಿ ಶೇಕಡಾ 84ಕ್ಕೆ ಇಳಿದಿತ್ತು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ 5ರ ಕೆಳಗಿದ್ದರೆ ನಾರ್ಮಲ್ ಎಂದು ಸಿಗುತ್ತದೆ. ಅದು ದೊಡ್ಡವರ ಲೆಕ್ಕ. ಮಕ್ಕಳಲ್ಲಿ 1 ದಾಟಿದರೇ ತೊಂದರೆ ಎಂದು ಹಿಡಿಯುತ್ತಾರೆ. 1ರಿಂದ 5 ಸೌಮ್ಯ, 5ರಿಂದ 10 ಮಧ್ಯಮ, 10ರ ಮೇಲೆ ತೀವ್ರ.

ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿದ್ದು ಪರೀಕ್ಷೆಯಲ್ಲಿ ತೊಂದರೆ ಗೊತ್ತಾದರೆ ಅವೆರಡನ್ನೂ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಆಪರೇಷನ್ ಹಾಸನದಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು, 58,000. ಇನ್ಶೂರೆನ್ಸ್ ಇದೆ ಎಂದು ನಿಶ್ಚಿಂತೆಯಿಂದ ಇದ್ದೆವು. ಅಡ್ಮಿಟ್ ಆಗುವ ಹಿಂದಿನ ದಿನ ಕ್ಲೇಮ್ ತಿರಸ್ಕಾರವಾಯಿತು. ಬಹಳಷ್ಟು ಪಾಲಿಸಿಗಳಲ್ಲಿ ಟಾನ್ಸಿಲ್, ಅಡಿನಾಯ್ಡ್ ಆಪರೇಷನ್ನಿಗೆ 24 ತಿಂಗಳ ಕಾಯುವ ಅವಧಿ ಇರುತ್ತದೆ, ನಮ್ಮ ಪಾಲಿಸಿಗೆ ಅಷ್ಟು ಆಗಿರಲಿಲ್ಲ. ಒಡವೆ ಅಡ ಇಟ್ಟು ದುಡ್ಡು ಹೊಂದಿಸಿದೆವು. ನೀವು ಇವತ್ತೇ ಪಾಲಿಸಿಯ ಪುಟ ತೆರೆದು ಆ ಸಾಲು ಹುಡುಕಿ. ಬಿ.ಪಿ.ಎಲ್. ಕಾರ್ಡ್ ಇರುವವರು ಮೊದಲು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಇ.ಎನ್.ಟಿ. ವಿಭಾಗದಲ್ಲಿ ಕೇಳುವುದು ಒಳ್ಳೆಯದು.

ಆಪರೇಷನ್ ಥಿಯೇಟರಿನ ಬಾಗಿಲವರೆಗೆ ನನ್ನ ಕೈ ಹಿಡಿದೇ ಬಂದಳು. ಆ ಹೊತ್ತಿನ ಬಗ್ಗೆ ಹೆಚ್ಚು ಬರೆಯಲು ಆಗುವುದಿಲ್ಲ. ಉಸಿರು ಕಟ್ಟುವ ತೊಂದರೆ ಇರುವ ಮಕ್ಕಳನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುವುದು ಒಳ್ಳೆಯದು, ಅದೇ ದಿನ ಮನೆಗೆ ಎಂದರೆ ಯಾಕೆ ಎಂದು ಕೇಳಿ. ಆಮೇಲಿನ ವಾರ ಕಷ್ಟದ್ದು. ಗಂಟಲ ನೋವು ಕಿವಿಗೆ ಹರಿಯುತ್ತದೆ, ಗಂಟಲಲ್ಲಿ ಬಿಳಿ ಪೊರೆ ಕಾಣುತ್ತದೆ, ಬಾಯಿ ವಾಸನೆ ಬರುತ್ತದೆ. ಇವೆಲ್ಲ ಆಗುವಂಥದ್ದೇ. ಗಂಜಿ, ಮೊಸರನ್ನ, ಐಸ್‌ಕ್ರೀಮ್ ಕೊಟ್ಟೆವು. ನೋಡಲು ಬಂದ ನೆಂಟರು ತಂದ ಚಕ್ಕುಲಿ, ಕೋಡುಬಳೆಯನ್ನು ಮೇಲಿನ ಅಟ್ಟಕ್ಕೆ ಸೇರಿಸಬೇಕಾಯಿತು. ಎರಡು ವಾರದೊಳಗೆ ಯಾವಾಗಲಾದರೂ ಬಾಯಿಂದ ಹಸಿ ರಕ್ತ ಬಂದರೆ, ಅದು ಸ್ವಲ್ಪವೇ ಇದ್ದರೂ, ಸೀದಾ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯಬಾರದು.

ಗೊರಕೆ ಎಷ್ಟು ಕಡಿಮೆಯಾಯಿತು ಎಂದರೆ ಮೊದಮೊದಲು ನಾನೇ ಎದ್ದು ಹೋಗಿ ಉಸಿರಾಡುತ್ತಿದ್ದಾಳಾ ಎಂದು ನೋಡುತ್ತಿದ್ದೆ. ಹಾಸಿಗೆ ಒದ್ದೆಯಾಗುವುದು ನಿಂತಿತು. ಬಹಳ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ನಮ್ಮಲ್ಲಿ ಬಾಯಿ ತೆರೆದು ಮಲಗುವುದು ಉಳಿದಿತ್ತು, ಅಂಗಾತ ಮಲಗಿದಾಗ ಸಣ್ಣ ಗೊರಕೆಯೂ ಇತ್ತು. ಮೂರು ತಿಂಗಳಾದ ಮೇಲೆ ಡಾಕ್ಟರು ಮತ್ತೆ ನಿದ್ರೆ ಪರೀಕ್ಷೆ ಹೇಳಿದರು. ಇನ್ನೊಂದು 12,000 ಯಾಕೆ ಎಂದು ಮನೆಯಲ್ಲಿ ಮಾತಾಯಿತು. ಮಾಡಿಸಿದೆವು. 3.8 ಬಂತು. ಆಗ ಇ.ಎನ್.ಟಿ. ಡಾಕ್ಟರೇ ಮಗಳ ಬಾಯಿಯ ಮೇಲ್ಭಾಗ ತೋರಿಸಿ, "ಅಂಗುಳು ಕಿರಿದಾಗಿದೆ, ಎತ್ತರಕ್ಕೆ ಹೋಗಿದೆ. ಆರ್ಥೊಡಾಂಟಿಸ್ಟ್ ಹತ್ತಿರ ಒಂದು ಸಲ ತೋರಿಸಿ" ಎಂದು ಬರೆದುಕೊಟ್ಟರು.

ಹಲ್ಲು ನೋಡುವ ಎಲ್ಲರೂ ಆರ್ಥೊಡಾಂಟಿಸ್ಟ್ ಅಲ್ಲ. ಬೋರ್ಡಿನಲ್ಲಿ ಎಂ.ಡಿ.ಎಸ್. ಆರ್ಥೊಡಾಂಟಿಕ್ಸ್ ಎಂದು ಇದೆಯೇ ನೋಡಿ. ನಮಗೆ ಸಿಕ್ಕ ಮೇಡಂ ಹಳೇ ಫೈಲು ಮೊದಲಿಂದ ಕೊನೆವರೆಗೆ ಓದಿದರು. ಎಕ್ಸ್‌ರೇ ತೆಗೆಸಿದರು, ಹಲ್ಲಿನ ಅಚ್ಚು ತೆಗೆದರು. ಮೇಲಿನ ದವಡೆ ಕಿರಿದಾಗಿ, ಒಂದು ಕಡೆ ಮೇಲಿನ ದವಡೆಹಲ್ಲು ಕೆಳಗಿನದರ ಒಳಗೆ ಕೂರುತ್ತಿತ್ತು. ಇದಕ್ಕೆ ಕ್ರಾಸ್‌ಬೈಟ್ ಎನ್ನುತ್ತಾರೆ. ಅವರು ಹೇಳಿದ್ದು ನನಗೆ ಹೆಚ್ಚುಕಡಿಮೆ ಬಾಯಿಪಾಠವಾಗಿದೆ: "ನೋಡಿ ಅಮ್ಮ, ನಾನು ಈ ಎಕ್ಸ್‌ಪ್ಯಾಂಡರನ್ನ ಗೊರಕೆಗೆ ಅಂತ ಹಾಕ್ತಿಲ್ಲ. ದವಡೆ ಕಿರಿದಾಗಿದೆ, ಕ್ರಾಸ್‌ಬೈಟ್ ಇದೆ, ಅದಕ್ಕೆ ಹೇಗಿದ್ರೂ ಬೇಕು. ಉಸಿರಾಟಕ್ಕೂ ಅನುಕೂಲ ಆಗಬಹುದು. ಗ್ಯಾರಂಟಿ ಮಾತ್ರ ಕೊಡಲ್ಲ."

ದವಡೆ ಅಗಲ ಮಾಡಿದರೆ ಉಸಿರಿಗೆ ಏನು ಸಂಬಂಧ ಎಂದು ನನ್ನ ಯಜಮಾನರು ಕೇಳಿದರು. ಮನೆಯ ಮಾಳಿಗೆಯೇ ಮೇಲಿನ ಅಂತಸ್ತಿಗೆ ನೆಲವಾಗುವ ಹಾಗೆ, ಬಾಯಿಯ ಚಾವಣಿಯೇ ಮೂಗಿಗೆ ನೆಲ. ಅದು ಅಗಲವಾದರೆ ಮೂಗಿನ ಒಳಗಿನ ಜಾಗವೂ ಅಗಲವಾಗುತ್ತದೆ, ನಾಲಿಗೆ ಮೇಲೆ ಕೂರಲು ಜಾಗ ಸಿಗುತ್ತದೆ. ಅಂಗುಳು ಎರಡು ಎಲುಬುಗಳು ನಡುವೆ ಸೇರಿ ಆದದ್ದು. ಚಿಕ್ಕ ವಯಸ್ಸಿನಲ್ಲಿ ಆ ಸೇರುವೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹದಿಹರೆಯ ಮುಂದುವರಿದಂತೆ ಅದು ಬಿಗಿಯಾಗಿ, ಸ್ಕ್ರೂನಿಂದ ಅಗಲ ಮಾಡುವುದು ಕಷ್ಟವಾಗುತ್ತದೆ. ಈ ವಿಧಾನ ಹೊಸದಲ್ಲ, 1860ರಲ್ಲೇ ಅಮೆರಿಕದ ಆಂಜೆಲ್ ಎಂಬ ದಂತವೈದ್ಯರು ಇದರ ಬಗ್ಗೆ ಬರೆದಿದ್ದಾರೆ. ಕೆಳದವಡೆ ಹಿಂದೆ ಸರಿದಿರುವ ಮಕ್ಕಳಿಗೆ ಟ್ವಿನ್ ಬ್ಲಾಕ್‌ನಂಥ ಬೇರೆ ಉಪಕರಣ ಇದೆ. ಪಕ್ಕದ ಮನೆ ಮಗುವಿಗೆ ಹಾಕಿದ್ದೇ ನಿಮ್ಮ ಮಗುವಿಗೂ ಬೇಕು ಎಂದೇನಿಲ್ಲ.

ಎಕ್ಸ್‌ಪ್ಯಾಂಡರಿಗೆ 22,000 ಆಯಿತು. ಡೆಂಟಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ, ಆದರೆ ಕಾಯಬೇಕು. ಹಲ್ಲಿನ ಚಿಕಿತ್ಸೆಯನ್ನು ಅಪಘಾತ ಬಿಟ್ಟರೆ ಹೆಚ್ಚಿನ ಇನ್ಶೂರೆನ್ಸ್‌ನವರು ಕೊಡುವುದಿಲ್ಲ. ಮೊದಲು ದವಡೆಹಲ್ಲುಗಳ ನಡುವೆ ಸಣ್ಣ ರಬ್ಬರ್ ಉಂಗುರ ಸಿಕ್ಕಿಸಿ ಕಳಿಸಿದರು, ಎಕ್ಸ್‌ಪ್ಯಾಂಡರನ್ನು ಹಲ್ಲಿಗೆ ಹಿಡಿದಿಡುವ ಬ್ಯಾಂಡ್ ಕೂರಲು ಜಾಗ ಆಗಲಿ ಎಂದು. ಬ್ಯಾಂಡ್ ಹಾಕುವ ದಿನ ಬಿದ್ದದ್ದು ಹಾಸನಾಂಬ ದರ್ಶನದ ಸಮಯದಲ್ಲಿ. ದೇವಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವುದು, ಊರಿಗೆ ಊರೇ ಜನ. ಬಿ.ಎಂ. ರಸ್ತೆಯಲ್ಲಿ ಬಸ್ಸು ಅಲ್ಲಾಡಲಿಲ್ಲ, ಇಳಿದು ನಡೆದೆವು. ತಲುಪುವಷ್ಟರಲ್ಲಿ ಒಂದು ಉಂಗುರ ಎಲ್ಲೋ ಬಿದ್ದುಹೋಗಿ ಜಾಗ ಮುಚ್ಚಿಕೊಂಡಿತ್ತು. ಮತ್ತೆ ಉಂಗುರ, ಮತ್ತೆ ಕಾಯುವುದು. ಆ ದಿನಗಳಲ್ಲಿ ಹೊರಗಿನಿಂದ ಬರುವವರು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ.

ಸ್ಕ್ರೂ ತಿರುಗಿಸುವುದು ಮನೆಯಲ್ಲೇ, ನಾವೇ. ಅಂಗುಳಿನ ನಡುವೆ ಸಣ್ಣ ಸ್ಕ್ರೂ, ಅದರಲ್ಲಿ ಸಣ್ಣ ತೂತು. ತಂತಿಯ ಕೀಲಿಯನ್ನು ಮುಂದಿನಿಂದ ತೂತಿಗೆ ಸಿಕ್ಕಿಸಿ ಗಂಟಲ ಕಡೆಗೆ ದೂಡಬೇಕು. ಮುಂದೆ ಹೊಸ ತೂತು ಪೂರ್ತಿ ಕಂಡರೆ ಕಾಲು ಸುತ್ತು ಆಯಿತು ಎಂದು ಅರ್ಥ, ಅಂದರೆ 0.25 ಮಿಲಿಮೀಟರ್. ಕೀಲಿಗೆ ಉದ್ದ ದಾರ ಕಟ್ಟಿ ಅದನ್ನು ನಿಮ್ಮ ಮಣಿಕಟ್ಟಿಗೆ ಸುತ್ತಿಕೊಳ್ಳಿ, ಕೈ ಜಾರಿದರೆ ಮಗು ನುಂಗಬಾರದು. ಕೀಲಿ ಹೊರಗೆ ತೆಗೆಯುವಾಗ ಸ್ಕ್ರೂ ವಾಪಸ್ ತಿರುಗದ ಹಾಗೆ ನೋಡಿಕೊಳ್ಳಬೇಕು. ಮಗಳನ್ನು ಮಂಚದ ಮೇಲೆ ತಲೆ ಸ್ವಲ್ಪ ಹಿಂದೆ ಮಾಡಿ ಮಲಗಿಸಿ, ಅವರಪ್ಪ ಫೋನಿನ ಟಾರ್ಚ್ ಹಿಡಿದು, ನಾನು ತಿರುಗಿಸುತ್ತಿದ್ದೆ. ಮೊದಲ ಸಲ ನನ್ನ ಕೈ ನಡುಗಿತು. ಮೂಗಿನ ಮೇಲ್ಭಾಗ ಬಿಗಿಯಾದ ಹಾಗೆ ಆಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಹತ್ತು ನಿಮಿಷದಲ್ಲಿ ಕಡಿಮೆಯಾಗುತ್ತದೆ ಎಂದಳು. ಒಂದು ಹೊತ್ತು ತಪ್ಪಿದರೆ ಮುಂದಿನ ಸಲ ಎರಡೆರಡು ತಿರುಗಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಸಂದು ಬಿಡುತ್ತಾ ಹೋಯಿತು. ಅತ್ತೆ ಗಾಬರಿಯಾದರು. ಅಂಗುಳು ಬಿಡಿಸಿಕೊಳ್ಳುತ್ತಿರುವುದಕ್ಕೆ ಅದೇ ಗುರುತು, ಆಮೇಲೆ ತಾನಾಗಿ ಕೂಡಿಕೊಳ್ಳುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು, ಹಾಗೇ ಆಯಿತು. ಮೊದಲ ದಿನಗಳಲ್ಲಿ ಜೊಲ್ಲು ಜಾಸ್ತಿ, ಮಾತು ತೊದಲು. ಸ್ಕೂಲಿನಲ್ಲಿ ಕೆಲವರು ನಕ್ಕರು, ಮಗಳು ಅತ್ತುಕೊಂಡು ಬಂದಳು. ಮಿಸ್‌ಗೆ ಮೊದಲೇ ಒಂದು ಪತ್ರ ಬರೆದು ಕೊಡುವುದು ಒಳ್ಳೆಯದು. ಊಟದಲ್ಲಿ ನಮ್ಮ ಮುದ್ದೆ ಕಾಪಾಡಿತು. ಅಗಿಯುವ ಕೆಲಸವೇ ಇಲ್ಲ, ಸೊಪ್ಪಿನ ಸಾರಿನಲ್ಲಿ ಅದ್ದಿ ಸಣ್ಣ ತುತ್ತು ನುಂಗಿದರೆ ಆಯಿತು. ಅಕ್ಕಿ ರೊಟ್ಟಿ ಸ್ಕ್ರೂ ಮೇಲೆ ಮೆತ್ತಿಕೊಳ್ಳುತ್ತದೆ. ಕಡಲೆ ಮಿಠಾಯಿಯಂತೂ ಬೇಡವೇ ಬೇಡ. ಯಾರದೋ ಹುಟ್ಟುಹಬ್ಬದಲ್ಲಿ ತಿಂದು ಒಂದು ಬ್ಯಾಂಡ್ ಸಡಿಲವಾಗಿ ಮತ್ತೆ ಅಂಟಿಸಬೇಕಾಯಿತು.

ತಿರುಗಿಸುವುದು ಕೆಲವೇ ವಾರ. ಆಮೇಲೆ ಸ್ಕ್ರೂವನ್ನು ಹಾಗೇ ಕಟ್ಟಿ ಆರು ತಿಂಗಳು ಬಿಟ್ಟರು, ನಡುವೆ ಹೊಸ ಎಲುಬು ತುಂಬಿ ಗಟ್ಟಿಯಾಗಬೇಕಲ್ಲ. ಈ ಕಾಲದಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಬೇಗ ತೆಗೆಸಬೇಡಿ, ದವಡೆ ಮತ್ತೆ ಕಿರಿದಾಗುತ್ತದೆ. ಇದೇ ಸಮಯದಲ್ಲಿ ಮಕ್ಕಳ ಬಾಯಿಗೆ ಟೇಪ್ ಹಚ್ಚಿ ಮಲಗಿಸುವ ವಿಡಿಯೋ ಯಾರೋ ಕಳಿಸಿದರು. ಮೂಗು ಕಟ್ಟಿರುವ ಮಗುವಿನ ಬಾಯಿ ಮುಚ್ಚುವುದು ಅಪಾಯ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ತೆಗೆಸುವ ಮೊದಲು ಮತ್ತೆ ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದೆವು. ಎ.ಎಚ್.ಐ. 1.3, ಆಕ್ಸಿಜನ್ 93ಕ್ಕಿಂತ ಕೆಳಗೆ ಇಳಿದಿಲ್ಲ. ಈ ಇಳಿಕೆ ಪೂರ್ತಿ ಎಕ್ಸ್‌ಪ್ಯಾಂಡರಿನದೇ ಎಂದು ಹೇಳಲಾಗದು, ವಯಸ್ಸಿಗೆ ಗಂಟಲೂ ಬೆಳೆದಿದೆ, ಅಲರ್ಜಿಗೆ ಔಷಧಿಯೂ ನಡೆದಿದೆ ಎಂದು ಇ.ಎನ್.ಟಿ. ಡಾಕ್ಟರು ಹೇಳಿದರು. ಅವರು ಹಾಗೆ ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು. ಮಗಳು ಈಗ ಬಾಯಿ ಮುಚ್ಚಿ ಮಲಗುತ್ತಾಳೆ, ಬೆಳಗ್ಗೆ ಕರೆದರೆ ಏಳುತ್ತಾಳೆ, ತಲೆನೋವಿಲ್ಲ. ಓದಿನಲ್ಲಿ ಒಂದೇ ಸಲಕ್ಕೆ ಮೊದಲ ಸಾಲಿಗೆ ಬಂದಿಲ್ಲ, ಆದರೆ ಬರೆಯಲು ಕೂತರೆ ಮುಗಿಸಿ ಏಳುತ್ತಾಳೆ.

ಬಸ್ಸು, ಲಾಡ್ಜು, ಎಕ್ಸ್‌ರೇ ಎಲ್ಲ ಸೇರಿ ಖರ್ಚು ಒಂದೂಕಾಲು ಲಕ್ಷ ದಾಟಿದೆ. ಎಲ್ಲ ಕಾಗದವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ, ಎಕ್ಸ್‌ರೇಗಳ ಫೋಟೋ ಫೋನಿನಲ್ಲೂ ಇದೆ. ಈಗ ರಾತ್ರಿ ಹೊತ್ತು ತೆಗೆದು ಹಾಕುವ ರಿಟೈನರ್ ಪ್ಲೇಟ್ ಕೊಟ್ಟಿದ್ದಾರೆ. ಅದನ್ನು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ಹಲ್ಲು ಜೋಡಿಸುವ ಕ್ಲಿಪ್ ಬೇಕಾಗಬಹುದು, ಹಾಲುಹಲ್ಲು ಪೂರ್ತಿ ಬಿದ್ದ ಮೇಲೆ ನೋಡೋಣ ಎಂದಿದ್ದಾರೆ ಮೇಡಂ. ಮಳೆಗಾಲ ಹಿಡಿಯುವ ಮುಂಚೆ ಮೂಗಿನ ಸ್ಪ್ರೇ ಮತ್ತೆ ಶುರು ಮಾಡಬೇಕು, ಗೊರಕೆ ತಿರುಗಿ ಕೇಳಿಸಿದರೆ ವಿಡಿಯೋ ತೆಗೆದು ಇ.ಎನ್.ಟಿ. ಡಾಕ್ಟರಿಗೆ ತೋರಿಸಬೇಕು.